ಮಾವನ ಗಾಡಿಗಳ ಗಂಡನ ಮನೆ

ನಮ್ಮ ಸೋದರಮಾವನಿಗೆ ಆರು ಜನ ಹೆಣ್ಣುಮಕ್ಕಳು. ಅದರಲ್ಲಿ ಐದಕ್ಕೆ ಚಕ್ರಗಳಿವೆ!

ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಯಲಿಯೂರಿನ ಅವನ ಜಗಲಿಯಲ್ಲಿ ಕೂತು ಮಕ್ಕಳೆಷ್ಟು ಎಂದು ಕೇಳಿ ನೋಡಿ. ಐದು ಹಳೇ ಬೈಕುಗಳ ಹುಟ್ಟಿದ ವರ್ಷ, ಮೈಬಣ್ಣ, ಯಾವುದಕ್ಕೆ ಚಳಿ ಆಗಿಬರುವುದಿಲ್ಲ, ಯಾವುದು ಹೊಸಬರನ್ನು ಕಂಡರೆ ತಿರುಗಿ ಒದೆಯುತ್ತದೆ, ಎಲ್ಲವನ್ನೂ ಹೇಳುತ್ತಾನೆ. ಆರನೆಯವಳ ವಿಷಯ ಬಂದಾಗ ಮಾತ್ರ "ಮಳವಳ್ಳೀಲವ್ಳೆ" ಎಂದು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಾನೆ. ಅವನು ನಿಜವಾಗಿ ಹೆತ್ತ ಮಗಳೆಂದರೆ ಅವಳೊಬ್ಬಳೇ.

ಅವಳು ಮಾಡಿದ ತಪ್ಪೇನು ಗೊತ್ತೇ? ತನ್ನ ಜೊತೆ ಓದಿದ, ಮಳವಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಒಳ್ಳೆಯವನೇ ಎಂದು ಮಾವ ಕೇಳಲಿಲ್ಲ. ಕುಡಿಯುತ್ತಾನೆಯೇ ಎಂದೂ ಕೇಳಲಿಲ್ಲ. "ಯಾರ ಪೈಕಿ?" ಎಂದಷ್ಟೇ ಕೇಳಿದ. ನಮ್ಮವರ ಪೈಕಿ ಅಲ್ಲ ಎಂದು ಗೊತ್ತಾದ ಮೇಲೆ, ಊರ ನಾಲ್ಕು ಜನರನ್ನು ಜಗಲಿಗೆ ಕರೆದು, "ಅವ್ಳ ಒಸ್ಲು ತುಳಿಯಾಕಿಲ್ಲ, ಅಲ್ಲಿ ತೊಟ್ಟು ನೀರೂ ಕುಡಿಯಾಕಿಲ್ಲ" ಎಂದು ಘೋಷಿಸಿದ. ಮನೆಯೊಳಗೆ ಆಡಿದ ಮಾತಾಗಿದ್ದರೆ ಅತ್ತೆ ಸಂಜೆಯೊಳಗೆ ಅದನ್ನು ನುಂಗಿಸಿಬಿಡುತ್ತಿದ್ದಳು. ಜನರ ಮುಂದೆ ಆಡಿದ ಮಾತಾದ್ದರಿಂದ ಎರಡು ವರ್ಷ ಹಾಗೇ ಗಂಟಲಲ್ಲಿ ನಿಂತಿತು.

ಅತ್ತೆ ಮಾತ್ರ ತಿಂಗಳಿಗೊಮ್ಮೆ ಸೊಪ್ಪು, ಕಾಯಿ ಕಟ್ಟಿಕೊಂಡು ಬಸ್ಸು ಹತ್ತಿ ಮಳವಳ್ಳಿಗೆ ಹೋಗಿಬರುತ್ತಾಳೆ. ಬಂದವಳು ಗಂಡನಿಗೆ ಏನೂ ಹೇಳುವುದಿಲ್ಲ. ಸೀದಾ ಎಮ್ಮೆಯ ಹತ್ತಿರ ಹೋಗಿ, "ನೋಡವ್ವಾ, ಮಗ್ಳು ಸಣ್ಣಗಾಗವ್ಳೆ. ಅಳಿಯ ಚೆನ್ನಾಗ್ ನೋಡ್ಕತಾವ್ನೆ. ಆದ್ರೂ ಅಪ್ಪ ಬರ್ನಿಲ್ವಾ ಅಂತ ಕೇಳುದ್ಲು" ಎಂದು ಗಟ್ಟಿಯಾಗಿ ಹೇಳುತ್ತಾಳೆ. ಮಂಡ್ಯ ಜಿಲ್ಲೆಯಲ್ಲಿ ಇಷ್ಟೊಂದು ಸಂಸಾರದ ಸುದ್ದಿ ತಿಳಿದ ಎಮ್ಮೆ ಇನ್ನೊಂದಿರಲಾರದು. ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಕೂತ ಮಾವ ಕಿವಿ ಕೇಳದವನಂತೆ ಅದೇ ನಟ್ಟನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿರುತ್ತಾನೆ.

ಇನ್ನು ಆ ಗಾಡಿಗಳ ಅವಸ್ಥೆ ಕೇಳಿ. ಅವುಗಳನ್ನು ತಯಾರು ಮಾಡಿದ ಕಂಪನಿಯವರೇ ಬಂದು ನೋಡಿದರೂ ತಮ್ಮವೆಂದು ಒಪ್ಪಲಾರರು. ಎಂಜಿನ್ನು ಒಂದರದು, ಕಾರ್ಬುರೇಟರು ಇನ್ಯಾವುದೋ ಸ್ಕೂಟರಿನದು, ಹೆಡ್‌ಲೈಟು ಟ್ರ್ಯಾಕ್ಟರಿನದು, ಸೀಟಿನೊಳಗಿನ ಸ್ಪಂಜು ಗುಜರಿಗೆ ಹೋದ ಬಸ್ಸಿನದು. ಒಂದಕ್ಕೆ ಲಾರಿಯ ಹಾರನ್ ಹಾಕಿಸಿದ್ದ. ಮೊದಲ ದಿನ ಅದನ್ನು ಒತ್ತಿದಾಗ ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ಕಬ್ಬಿನ ಸಮೇತ ನಾಲೆಗೆ ಇಳಿಯಿತು. ಗಾಡಿಯವನು ಬೈಯಲು ಬಂದರೆ, "ನಿನ್ ಎತ್ತುಗೊಳ್ಗೆ ಬ್ರೇಕ್ ಇಲ್ಲ ಅಂದ್ರೆ ನಾನೇನ್ಲಾ ಮಾಡ್ಲಿ?" ಎಂದು ಇವನೇ ಜಬರಿಸಿದನಂತೆ.

ಅತ್ತೆ ಒಮ್ಮೆ ನನ್ನ ಎದುರಿಗೇ ಚುಚ್ಚಿದಳು. "ಈವಪ್ಪನ ಗಾಡೀಲಿ ಏಳು ಕುಲ ಒಂದಾಗವೆ ಕಣವ್ವ. ಯಾವ್ದುಕ್ಕೆ ಯಾವ್ದು ಬೇಕಾದ್ರೂ ಸಂಬಂಧ ಕುದುರಸ್ತಾನೆ. ಮನೆ ಮಗ್ಳು ತಾನೇ ಒಂದು ಕುದುರಿಸ್ಕಂಡ್ರೆ ಮಾತ್ರ ಮಾನ ಓಯ್ತದಂತೆ."

"ಗಾಡಿ ಬ್ಯಾರೆ, ಮನ್ಸ ಬ್ಯಾರೆ ಕಣೆ" ಎಂದ ಮಾವ.

"ಊ ಕಣಪ್ಪ. ಗಾಡಿಗಾದ್ರೆ ಒಸಿ ಬುದ್ಧಿ ಐತೆ."

ಮಾವ ನನ್ನ ಮುಖ ನೋಡಿದ. ನಾನು ಎಮ್ಮೆಯ ಮುಖ ನೋಡಿದೆ. ಎಮ್ಮೆ ಅತ್ತೆಯ ಪಕ್ಷವೆಂಬುದು ಎಲ್ಲರಿಗೂ ಗೊತ್ತು.

ಹೀಗಿರುವಾಗ ಮಾವನ ಮೊಣಕಾಲು ಸವೆಯಿತು. ನಲವತ್ತು ವರ್ಷ ಕಿಕ್ಕರ್ ಒದ್ದ ಕಾಲು, ಸವೆಯದೆ ಇನ್ನೇನು ಮಾಡೀತು? ಮಂಡ್ಯದ ಡಾಕ್ಟರು, "ಇನ್ನು ಮೇಲೆ ಕಿಕ್ಕರ್ ಮುಟ್ಟಬಾರದು" ಎಂದರು. ಒಂದು ವಾರ ಅನ್ನ ನೀರು ಸರಿಯಾಗಿ ಮುಟ್ಟದೆ ಯೋಚಿಸಿ, ಕೊನೆಗೆ ಗಾಡಿಗಳನ್ನು ಕೊಟ್ಟುಬಿಡುವುದೆಂದು ತೀರ್ಮಾನಿಸಿದ. ಆದರೆ ಮಾರುತ್ತೇನೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. "ಒಳ್ಳೆ ಮನೆ ನೋಡಿ ಸೇರಿಸ್ಬೇಕು" ಎನ್ನುತ್ತಿದ್ದ.

ಮಗಳ ಮದುವೆಯಲ್ಲಿ ನಡೆಯದೇ ಹೋದ ಶಾಸ್ತ್ರಗಳೆಲ್ಲ ಗಾಡಿಗಳ ವಿಷಯದಲ್ಲಿ ಸಾಂಗವಾಗಿ ನಡೆದವು. ಬಂದವರನ್ನು ಚಾಪೆಯ ಮೇಲೆ ಕೂರಿಸಿ, ಕಾಫಿ ಕೊಟ್ಟು ವಿಚಾರಿಸುತ್ತಿದ್ದ. ಮನೆಗೆ ಹೆಂಚೋ, ಆರ್‌ಸಿಸಿಯೋ? ಸೋರುತ್ತದೆಯೇ? ಸಂಜೆ ಕುಡಿದು ಗಾಡಿ ಹತ್ತುವ ಅಭ್ಯಾಸವುಂಟೇ? ಬೇರೆ ಗಾಡಿ ಇದ್ದರೆ ಇದನ್ನು ಮೂಲೆಗೆ ನೂಕುತ್ತೀರೋ? ಒಬ್ಬ ಹುಡುಗ ಪಾಪ, "ಮೈಲೇಜ್ ಎಷ್ಟು ಕೊಡ್ತದೆ ಯಜಮಾನ್ರೆ?" ಎಂದು ಬಾಯಿತಪ್ಪಿ ಕೇಳಿಬಿಟ್ಟ. ಮಾವ ಅವನ ಕೈಯಲ್ಲಿದ್ದ ಕಾಫಿ ಲೋಟವನ್ನು ವಾಪಸು ಕಿತ್ತುಕೊಂಡ.

"ಎಣ್ಣು ನೋಡಕ್ ಬಂದೋನು ಎಷ್ಟು ಉಣ್ತಾಳೆ ಅಂತ ಕೇಳ್ತಾನೇನ್ಲಾ? ಎದ್ದೋಗು."

ಅಂತೂ ನಾಲ್ಕು ಗಾಡಿಗಳು ಕೆರಗೋಡು, ಭಾರತೀನಗರ ಎಂದು ನಾಲ್ಕು ಕಡೆ ಸೇರಿದವು. ಪೀಡೆ ತೊಲಗಿತು ಎಂದು ಅತ್ತೆ ಕೊಟ್ಟಿಗೆ ಸಾರಿಸಿದಳು. ಆದರೆ ಪೀಡೆ ಶುರುವಾದದ್ದೇ ಆಮೇಲೆ, ಅದೂ ನನಗೆ! ಪ್ರತಿ ಭಾನುವಾರ ಗಾಡಿಗಳ ಯೋಗಕ್ಷೇಮ ನೋಡಿಬರಲು ಮಾವನನ್ನು ನನ್ನ ಬ್ಯಾಟರಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಭಾಗ್ಯ, ಮಂಡ್ಯದಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡು ತೆಪ್ಪಗಿದ್ದ ಅಕ್ಕನ ಮಗಳಾದ ನನ್ನ ಪಾಲಿಗೆ ಬಂತು.

ಬ್ಯಾಟರಿ ಸ್ಕೂಟರೆಂದರೆ ಅವನಿಗೆ ಆಗದು. "ಸದ್ದಿಲ್ದೆ ಕಳ್ಳನಂಗ್ ಬತ್ತದಲ್ಲವ್ವಾ ಇದು" ಎನ್ನುತ್ತಾನೆ. ಹಿಂದೆ ಕೂತವನು ದಿಬ್ಬ ಬಂದಾಗಲೆಲ್ಲ "ಗೇರ್ ಇಳಿಸು" ಎಂದು ಹೆಗಲು ತಟ್ಟುತ್ತಾನೆ.

"ಇದಕ್ಕೆ ಗೇರ್ ಇಲ್ಲ ಮಾವ."

"ಅದ್ಕೇ ನಿಂಗೆ ಗಾಡಿ ಓಡ್ಸಕ್ ಬರಾಕಿಲ್ಲ."

ಕೆರಗೋಡಿಗೆ ಹೋದರೆ ಗಾಡಿಯ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಮಾವ ಕೋಳಿಯನ್ನೂ, ಆ ಮನೆಯವನನ್ನೂ ಒಟ್ಟಿಗೇ ಬೈದ. ತಾನೇ ಕಟ್ಟಿಕೊಂಡು ಹೋದ ಬಟ್ಟೆಯಿಂದ ಗಾಡಿ ಒರೆಸಿ, ಪ್ಲಗ್ ಉಜ್ಜಿ, ಬಾಳೆಹಣ್ಣಿನ ಚಿಪ್ಪನ್ನು ಆ ಮನೆಯ ಮುದುಕಿಯ ಕೈಗೆ ಕೊಟ್ಟು, "ನಮ್ದುನ್ನ ಒಸಿ ನೋಡ್ಕಳಿ ತಾಯಿ" ಎಂದ. ಆಕೆ ಅದು ಬೈಕಿನ ಬಗ್ಗೆ ಎಂದು ತಿಳಿಯದೆ ಸೊಸೆಯ ಕಡೆ ತಿರುಗಿ, ಈಯಪ್ಪ ನಿನಗೇನಾಗಬೇಕು ಎಂದು ವಿಚಾರಿಸತೊಡಗಿದಳು!

ಭಾರತೀನಗರದಲ್ಲಿ ಇನ್ನೂ ದೊಡ್ಡ ದುರಂತ ಕಾದಿತ್ತು. ಅಲ್ಲಿಯ ಪುಣ್ಯಾತ್ಮ ಗಾಡಿಯ ಎಂಜಿನ್ ಬಿಚ್ಚಿ ಕಬ್ಬಿನ ಹಾಲಿನ ಗಾಣಕ್ಕೆ ಕಟ್ಟಿದ್ದ. ಮಾವ ರಸ್ತೆಬದಿಯ ಕಲ್ಲಿನ ಮೇಲೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತುಬಿಟ್ಟ. ಆಮೇಲೆ ಎದ್ದುಹೋಗಿ ಎಂಜಿನ್ನಿನ ಸದ್ದಿಗೆ ಕಿವಿಕೊಟ್ಟು, ಗಾಳಿಯ ಸ್ಕ್ರೂ ಚೂರು ತಿರುಗಿಸಿ, ಎರಡು ಲೋಟ ಕಬ್ಬಿನ ಹಾಲು ಕುಡಿದು, "ಉಸಿರಾಟ ಚೆನ್ನಾಗದೆ ಬುಡು" ಎಂದ. ಗಾಣಕ್ಕೆ ಹೋದ ಎಂಜಿನ್ನಿಗೂ ಕ್ಷಮೆ ಸಿಕ್ಕಿತು ನೋಡಿ! ಅಲ್ಲಿಂದ ಮಳವಳ್ಳಿಗೆ ಎಷ್ಟು ದೂರ? ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. "ಇಷ್ಟು ದೂರ ಬಂದಿದೀವಿ, ಮಳವಳ್ಳಿಗೂ ಹೋಗಿ ಬರೋಣ್ವಾ ಮಾವ?" ಎಂದು ಕೇಳಿದೆ. ಅವನು ಸ್ಕೂಟರು ಹತ್ತಿ ಮಂಡ್ಯದ ಕಡೆ ಮುಖ ಮಾಡಿ ಕೂತ. ನನಗೆ ಮೈಯೆಲ್ಲ ಉರಿಯಿತು. ಗಾಣದ ಬಾಗಿಲಿಗೆ ಹೋಗುವ ಮನುಷ್ಯನಿಗೆ ಮಗಳ ಬಾಗಿಲಿಗೆ ಹೋಗಲು ಏನು ಧಾಡಿ?

ಉಳಿದದ್ದು ಒಂದೇ ಗಾಡಿ. ಕೆಂಪು ಬಣ್ಣದ, ಎರಡು ಸೈಲೆನ್ಸರಿನ, ಮೈಸೂರಿನಲ್ಲೇ ತಯಾರಾದ ಹಳೇ ಗಾಡಿ. ಐದರಲ್ಲಿ ಅದೇ ಹಿರಿಯಳು, ಹೆಸರು ಕೆಂಪಿ. ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟದ್ದು ಅದರಲ್ಲೇ. ಅವಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನಿಗಿಂತ ಚೆನ್ನಾಗಿ ಅದನ್ನು ಸ್ಟಾರ್ಟ್ ಮಾಡುತ್ತಿದ್ದಳು. ಬೆಂಗಳೂರಿನಿಂದ ಕಾರುಗಳಲ್ಲಿ ಬಂದು ಕೇಳಿದವರಿಗೂ ಮಾವ ಅದನ್ನು ಕೊಟ್ಟಿರಲಿಲ್ಲ.

ಇಂಥ ಗಾಡಿಹುಚ್ಚಿನವರದೇ ಒಂದು ಸಭೆ ಭಾನುವಾರ ಬೆಳಿಗ್ಗೆ ಮದ್ದೂರಿನ ಹೋಟೆಲ್ಲೊಂದರಲ್ಲಿ ಸೇರುತ್ತದೆ. ಹೊಸ ಹೆದ್ದಾರಿಗೆ ಬೈಕು ಬಿಡದ ಕಾರಣ ಎಲ್ಲರೂ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೊಗೆ ಬಿಟ್ಟುಕೊಂಡು ಬಂದು, ವಡೆ ತಿನ್ನುತ್ತ, ತಾವು ಮಾರಿದ ಗಾಡಿಗಳ ಬಗ್ಗೆ ಸುಳ್ಳು ಹೇಳುತ್ತಾರೆ. ಅವತ್ತು ಒಬ್ಬರು, "ಕ್ಲಚ್ ವೈರ್ ಕಿತ್ತೋಗಿತ್ತು, ನಮ್ಮನೆಯೋಳ ಜಡೆ ಟೇಪ್ ಕಟ್ಕಂಡು ಮಳವಳ್ಳಿಯಿಂದ ಬೆಂಗಳೂರುಗಂಟ ಓದೆ" ಎಂದರು. ಹಿಂದಿನ ವಾರ ಅದೇ ಟೇಪು ಮದ್ದೂರಿನವರೆಗೆ ಮಾತ್ರ ಬಂದಿತ್ತು. ಇನ್ನೊಬ್ಬರು ಹಿಂದಿನ ಚಕ್ರಕ್ಕೆ ಬೆಲ್ಟು ಕಟ್ಟಿ ಬಾವಿಯ ನೀರೆತ್ತಿ ಒಂದು ಬೆಳೆ ಭತ್ತ ಬೆಳೆದರು. ವಡೆ ಮುರಿಯುತ್ತಿದ್ದ ಮಾವ ಇದ್ದಕ್ಕಿದ್ದಂತೆ, "ಕೆಂಪಿಯ ಕೊಟ್ಬುಟ್ಟೆ ಕಣ್ರಪ್ಪ. ಮಳವಳ್ಳಿ ಮೇಷ್ಟ್ರಿಗೆ" ಎಂದ.

ಯಾರೋ ವಡೆ ಕೆಳಗೆ ಹಾಕಿದರು. ಆ ಮೇಷ್ಟ್ರು ಎಲ್ಲರಿಗೂ ಗೊತ್ತು. ರಿಟೈರಾದವರು, ಕಡ್ಡಿಯಂತೆ ಇದ್ದಾರೆ, ಗಾಡಿಯ ಆಸೆ ಮಾತ್ರ ಆನೆಯಷ್ಟಿದೆ. ಅವರು ಕಿಕ್ಕರ್ ತುಳಿದರೆ ಕಿಕ್ಕರೇ ಅವರನ್ನು ಮೇಲೆತ್ತುತ್ತದೆ.

"ತಲೆ ನೆಟ್ಟಗದಾ ನಿಂಗೆ? ಆವಯ್ಯ ಸ್ಟಾರ್ಟ್ ಮಾಡಾಕಾದದಾ?"

"ಆಗಾಕಿಲ್ಲ. ಅದ್ಕೇ ವಾರ ವಾರ ನಾನೇ ಓಗಿ ಮಾಡ್ಕೊಟ್ ಬತ್ತೀನಿ ಅಂದಿವ್ನಿ."

ಡಾಕ್ಟರು ಏನು ಹೇಳಿದ್ದರು ಎಂದು ನಾನು ನೆನಪಿಸಿದೆ. ಡಾಕ್ಟರಿಗೆ ಗಾಡಿಯ ಬಗ್ಗೆ ಏನು ಗೊತ್ತು ಎಂದ. ಗೂಡ್ಸ್ ಆಟೋದಲ್ಲಿ ಕೆಂಪಿಯನ್ನು ಕಳಿಸಿದ ಮರುವಾರ, ಭಾರತೀನಗರ ದಾಟಿ ನನ್ನ ಸ್ಕೂಟರು ಮೊದಲ ಸಲ ಮಳವಳ್ಳಿಯ ಕಡೆ ಓಡಿತು. ಅವತ್ತು ಗೇರ್ ಇಳಿಸು ಎಂದು ಅವನು ಒಮ್ಮೆಯೂ ಹೇಳಲಿಲ್ಲ.

ಮೇಷ್ಟ್ರ ಬೀದಿಗೆ ತಿರುಗಿದಾಗಲೇ ನನಗೆ ಗೊತ್ತಾಯಿತು. ಕದ್ದುಮುಚ್ಚಿ ನಾನು ಎಷ್ಟೋ ಸಲ ಬಂದ ಬೀದಿ ಅದು. ಮೇಷ್ಟ್ರ ಮನೆಯ ಎದುರು ಮನೆಯೇ ಮಾವನ ಮಗಳದ್ದು! ಅವಳ ಹೊಸಿಲು ತುಳಿಯುವುದಿಲ್ಲ ಎಂದು ಜನರ ಮುಂದೆ ಹೇಳಿದ್ದ ಮನುಷ್ಯ, ಎದುರು ಮನೆಯ ಹೊಸಿಲಿನ ಬಗ್ಗೆ ಏನೂ ಹೇಳಿರಲಿಲ್ಲ, ಅಲ್ಲವೇ?

"ಮಾವ, ಎದುರುಗಡೆ..."

"ಎದುರುಗಡೆ ಯಾರವ್ರೋ ನಂಗೇನ್ ಗೊತ್ತು. ಸುಮ್ಕೆ ನಿಂತ್ಕ."

ಮೇಷ್ಟ್ರ ಬಾಗಿಲ ಮುಂದಿದ್ದ ಕೆಂಪಿಯ ಹತ್ತಿರ ಹೋಗಿ, ಬೀದಿಗೆ ಬೆನ್ನು ಹಾಕಿ ಕಿಕ್ಕರ್ ಒದ್ದ. ಗಾಡಿ ಕೆಮ್ಮಲೂ ಇಲ್ಲ. ಮತ್ತೆ ಒದ್ದ. ಮೇಷ್ಟ್ರು ಹಿಂದಿನಿಂದ ಗಾಡಿಯನ್ನು ಭಕ್ತಿಯಿಂದ ಹಿಡಿದುಕೊಂಡಿದ್ದರು. ಮಾವನ ಹಣೆಯಲ್ಲಿ ಬೆವರು ಇಳಿಯಿತು, ಮೊಣಕಾಲಿನ ನೋವಿಗೆ ತುಟಿ ಕಚ್ಚಿದ. ಊರವರ ಗಾಡಿಗಳನ್ನೆಲ್ಲ ಸದ್ದು ಕೇಳಿಯೇ ರಿಪೇರಿ ಮಾಡುವವನು ಏನಾಗಿದೆ ಎಂದು ಬಗ್ಗಿಯೂ ನೋಡದೆ ಒದೆಯುತ್ತಲೇ ಇದ್ದ. ಇಷ್ಟು ದಿನ ಇವನನ್ನು ಆಡಿಕೊಂಡು ನಕ್ಕವಳು ನಾನು, ಆಗ ನಗಲಾಗಲಿಲ್ಲ.

"ಪೆಟ್ರೋಲ್ ನಲ್ಲೀನೇ ತಿರುಗ್ಸಿಲ್ಲ ಕಣಪ್ಪ."

ಎದುರು ಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಟ್ಯಾಂಕಿನ ಕೆಳಗಿನ ಆ ನಲ್ಲಿ ತಿರುಗಿಸದೆ ಒದ್ದರೆ ಗಾಡಿಗೆ ಪೆಟ್ರೋಲೇ ಇಳಿಯುವುದಿಲ್ಲ, ಸ್ಟಾರ್ಟಾಗುವುದೆಲ್ಲಿಂದ ಬಂತು? ಮಾವ ತಿರುಗದೆ ಇನ್ನೊಮ್ಮೆ ಒದ್ದ. ಅವಳೇ ಬೀದಿ ದಾಟಿ ಬಂದು ಬಗ್ಗಿ ನಲ್ಲಿ ತಿರುಗಿಸಿದಳು. "ಸರ್ಕೊ ಅತ್ಲಾಗೆ, ಮಂಡಿ ನೋವ್ ಮಡಿಕಂಡು" ಎಂದು ಅವನನ್ನು ಪಕ್ಕಕ್ಕೆ ತಳ್ಳಿ, ಸೆರಗು ಸಿಕ್ಕಿಸಿ ಒಂದೇ ಒದೆ ಒದ್ದಳು. ಎರಡೂ ಸೈಲೆನ್ಸರುಗಳು ಬೀದಿ ನಡುಗುವಂತೆ ಬಡಿದುಕೊಳ್ಳತೊಡಗಿದವು.

ಆ ಗದ್ದಲದಲ್ಲಿ ಮಾವನ ತುಟಿ ಅಲ್ಲಾಡಿತು.

"ಆ? ಕೇಳಿಸ್ನಿಲ್ಲ ಕಣಪ್ಪ!"

ಸ್ಟಾರ್ಟಾದ ಎಂಜಿನ್ ಕಾಯುವ ಮೊದಲು ಯಾರಾದರೂ ಆಫ್ ಮಾಡಿದರೆ ಕೊಲೆಗೇ ನಿಲ್ಲುವ ನಮ್ಮ ಮಾವ, ತಾನೇ ಕೈ ಚಾಚಿ ಕೀ ತಿರುಗಿಸಿ ಗಾಡಿ ನಿಲ್ಲಿಸಿದ.

"ಉಂಡಾ ಅಂದೆ."

"ಇನ್ನೂ ಇಲ್ಲ. ಅವ್ರು ಬಸ್ಸಾರು ಮಾಡವ್ರೆ. ಬಾ ಉಣ್ಣೀವಂತೆ."

ಅವನು ನನ್ನನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಎದುರು ಬಾಗಿಲಲ್ಲಿ ಸೌಟು ಹಿಡಿದು ಅಂಜಿಕೊಂಡು ನಿಂತಿದ್ದ ಅಳಿಯನನ್ನು ನೋಡಿದ. ಕೈಗೆ ಮೆತ್ತಿದ್ದ ಎಣ್ಣೆಯನ್ನು ಬಿಳಿ ಪಂಚೆಗೆ ಒರೆಸಿಕೊಂಡು, ಬೀದಿ ದಾಟುತ್ತ, ಆ ಹುಡುಗನೊಡನೆ ಮೊಟ್ಟಮೊದಲ ಮಾತು ಆಡಿದ.

"ಮುದ್ದೆ ಐತಾ?"