ಕಲ್ಲಿನ ಫೋಟೊ ಹೊಡೆಯುವ ಕಾಕಾ

ನಮ್ಮ ಕಾಕಾನ ಕ್ಯಾಮೆರಾದಲ್ಲಿ ನಿಮ್ಮ ಫೋಟೊ ಬರಬೇಕೆಂದರೆ ನೀವು ಕಲ್ಲಾಗಿ ಹುಟ್ಟಬೇಕಿತ್ತು!

ತಮಾಷೆ ಅಂದುಕೊಳ್ಳಬೇಡಿ. ಕೊಪ್ಪಳದ ಕೋಟೆ ಗುಡ್ಡ, ಆನೆಗೊಂದಿಯ ಬಂಡೆಗಳು, ಹನುಮಸಾಗರದ ಹಾದಿಯ ಮೈಲಿಗಲ್ಲು, ಯಾರದೋ ಹೊಲದ ಬದುವಿನಲ್ಲಿ ಸೊಟ್ಟಗೆ ನಿಂತ ಗಡಿಕಲ್ಲು, ಇವೆಲ್ಲ ನಮ್ಮ ಮನೆಯ ಆಲ್ಬಮ್ಮಿನಲ್ಲಿ ಬೀಗರ ಹಾಗೆ ಠೀವಿಯಿಂದ ಕೂತಿದ್ದವು. ಬೀಗರು ಮಾತ್ರ ಒಬ್ಬರೂ ಇರಲಿಲ್ಲ.

"ಮನಷ್ಯಾರ ಫೋಟೊ ಯಾಕ ಹೊಡಿಯಂಗಿಲ್ಲ ಕಾಕಾ?" ಎಂದು ನಾನೊಮ್ಮೆ ಕೇಳಿದೆ.

"ಮನಷ್ಯಾರು ಅಳ್ಳಾಡ್ತಾರವಾ. ಒಂದು ರೋಲಿಗೆ ಹನ್ನೆರಡ ಫೋಟೊ. ಹನ್ನೆರಡರಾಗ ಒಂದು ಕೆಟ್ರ ನಿನ್ನ ಮನಷ್ಯಾ ಬಂದು ತುಂಬಿಕೊಡ್ತಾನೇನು?"

ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಯಲಬುರ್ಗಾದ ಕನ್ನಡ ಸಾಲಿಗೆ ಪಾಠ ಹೇಳುವ ಅಕ್ಕೋರಾಗಿ ಹೊಸದಾಗಿ ಬಂದಿದ್ದೆ. ಕಾಕಾ-ಚಿಗವ್ವರ ಮನೆಯಲ್ಲೇ ನನ್ನ ವಾಸ. ಕಾಕಾ ಗ್ರಾಮಸೇವಕ. ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗಿ ರೈತರಿಗೆ ಹೊಸ ಬೀಜ, ಗೊಬ್ಬರದ ಬುದ್ಧಿ ಹೇಳುವುದು ಅವನ ಕೆಲಸ. ಸೈಕಲ್ಲಿನ ಹಿಂದೆ ಸರಕಾರದ ಬೀಜದ ಚೀಲ, ಕೊರಳಲ್ಲಿ ಸ್ವಂತದ ಕ್ಯಾಮೆರಾ. ಯಾವುದಕ್ಕೆ ಹೆಚ್ಚು ಜೋಪಾನ ಎಂದು ಬೇರೆ ಹೇಳಬೇಕೆ? ಮಳೆ ಬಂದರೆ ಬೀಜ ನೆನೆಯುತ್ತಿತ್ತು!

ಆ ಕ್ಯಾಮೆರಾ ಹುಬ್ಬಳ್ಳಿಯಿಂದ ಬಂದದ್ದು. ಒಂದರ ಮೇಲೊಂದು ಎರಡು ಕಣ್ಣಿನ ಕರಿ ಪೆಟ್ಟಿಗೆ. ಹೊಟ್ಟೆಯ ಹತ್ತಿರ ಹಿಡಿದು, ಬಾವಿ ಇಣುಕಿದಂತೆ ಮೇಲಿನಿಂದ ಬಗ್ಗಿ ನೋಡಬೇಕು. ಅದು ಮನೆಗೆ ಬಂದ ದಿನ ಚಿಗವ್ವ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಉಟ್ಟು, ಮೂಗುತಿ ಸರಿಮಾಡಿಕೊಂಡು ಪಡಸಾಲೆಗೆ ಬಂದು ನಿಂತಳು.

"ಎಲ್ಲಿ ನಿಂದ್ರಲಿ?"

ಕಾಕಾ ಕ್ಯಾಮೆರಾದೊಳಗೆ ಇಣುಕುತ್ತಲೇ ಹೇಳಿದ, "ನೀ ಒಂಚೂರು ಆ ಕಡೆ ಸರಿ. ಬೀಸೂಕಲ್ಲಿನ ಮ್ಯಾಲ ನಿನ್ನ ನೆಳ್ಳು ಬಿದ್ದೈತಿ."

ಆ ದಿನ ನಮಗೆ ಊಟ ಸಿಕ್ಕಿದ್ದು ಮಧ್ಯಾಹ್ನ ನಾಲ್ಕಕ್ಕೆ. ಬೀಸುಕಲ್ಲಿನ ಫೋಟೊ ಮಾತ್ರ ಭಾಳ ಛಲೋ ಬಂತು!

ಇಂಥವನಿಗೂ ಈ ಜಗತ್ತಿನಲ್ಲಿ ಒಬ್ಬ ಜೋಡಿ ಇದ್ದರು. ಗಂಗಾವತಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶೆಟ್ಟರು. ಅವರಿಗೂ ಅದೇ ಹುಚ್ಚು, ಆದರೆ ಒಂದು ಮಾಳಿಗೆ ಮೇಲಿನದು. ಅವರ ಕ್ಯಾಮೆರಾದ ಲೆನ್ಸ್ ಬಿಚ್ಚಬಹುದಿತ್ತು, ಬೇರೆ ಹಾಕಬಹುದಿತ್ತು. ತಿಂಗಳಿಗೆ ಎರಡು ರವಿವಾರ ಕಾಕಾ ಗಂಗಾವತಿಗೆ, ಇಲ್ಲವೇ ಶೆಟ್ಟರು ಯಲಬುರ್ಗಾಕ್ಕೆ. ಬಂದವರು ಮೊದಲು ಕೈಕಾಲು ತೊಳೆಯುವರು, ಆಮೇಲೆ ಒಬ್ಬರ ಕ್ಯಾಮೆರಾ ಇನ್ನೊಬ್ಬರ ತೊಡೆಗೆ ಹೋಗುವುದು. ಬಾಣಂತಿ ಕೋಣೆಯಲ್ಲಿ ಕೂಸನ್ನು ಇಸಿದುಕೊಳ್ಳುವ ಹಾಗೆ, ಕತ್ತಿನ ಕೆಳಗೊಂದು ಕೈ ಕೊಟ್ಟು! ಶೆಟ್ಟರು ಕಾಕಾನ ಕ್ಯಾಮೆರಾವನ್ನು ಕಿವಿಗೆ ಹಚ್ಚಿ ಗುಂಡಿ ಒತ್ತುವರು. ಟಿಕ್.

"ಆಹಾ ಸೇವಕ್ರ! ಏನು ಸಪ್ಪಳ! ಬೆಣ್ಯಾಗಿನ ಕೂದಲು ತಗದಂಗ."

"ನಿಮ್ಮದನ್ನ ಕೇಳ್ರಿ ಶೆಟ್ರ. ಜಮಖಾನಿ ಮ್ಯಾಲ ಬೆಕ್ಕು ನಡದಂಗ."

ರೋಲ್ ಇಲ್ಲದ ಕ್ಯಾಮೆರಾಗಳನ್ನು ಹೀಗೆ ಟಿಕ್ಕೆನಿಸುತ್ತ ಇಬ್ಬರೂ ಎರಡು ತಾಸು ಕೂರುತ್ತಿದ್ದರು. ಚಹಾ ತಂದಿಟ್ಟ ಚಿಗವ್ವ ನನ್ನ ಕಿವಿಯಲ್ಲಿ, "ಇಬ್ಬರಿಗೂ ಮಕ್ಕಳಾಗಲಿಲ್ಲ ನೋಡು, ಅದಕ್ಕ," ಎಂದು ಒಳಗೆ ಹೋಗುತ್ತಿದ್ದಳು.

ಆಮೇಲೆ ಇವರಿಬ್ಬರಿಗೂ ಸ್ವಂತ ಕೈಯಿಂದ ಫೋಟೊ ಪ್ರಿಂಟ್ ಹಾಕುವ ಆಸೆ ಹುಟ್ಟಿತು. ಅದಕ್ಕೊಂದು ಎನ್‌ಲಾರ್ಜರ್ ಬೇಕು. ನೆಗೆಟಿವ್‌ನ ಸಣ್ಣ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ. ಒಬ್ಬರಿಂದಾಗುವ ಮಾತಲ್ಲ. ಕೊನೆಗೆ ಯಂತ್ರವನ್ನು ಕಾಕಾ ಕೊಂಡ, ಅದಕ್ಕೆ ಹಾಕುವ ಲೆನ್ಸನ್ನು ಶೆಟ್ಟರು ಮುಂಬಯಿಯಿಂದ ತರಿಸಿದರು. ಮೈ ಇವನದು, ಕಣ್ಣು ಅವರದು! ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು.

ಆ ಯಂತ್ರವನ್ನು ಕಾಕಾ ಹೊಸಪೇಟೆಯಿಂದ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ತಂದ. ಕಂಡಕ್ಟರ್ ಕೇಳಿದನಂತೆ, "ಏನ್ರಿ ಇದು, ಹೊಲಿಗಿ ಮಷೀನೇನು?"

"ಅಲ್ರಿ. ಸಣ್ಣದನ್ನ ದೊಡ್ಡದು ಮಾಡೂ ಮಷೀನು."

"ಏನು ಕೊಟ್ರೂ ದೊಡ್ಡದು ಮಾಡ್ತೈತ್ರಿ?"

"ಏನು ಕೊಟ್ರೂ!" ಎಂದ ಕಾಕಾ, ಹೆಮ್ಮೆಯಿಂದ.

ಮುಗಿಯಿತು. ಗ್ರಾಮಸೇವಕರ ಮನೆಗೆ ಸರಕಾರದಿಂದ ಹೊಸ ಮಷೀನು ಬಂದಿದೆ ಎಂಬ ಸುದ್ದಿ ಕಾಕಾನಿಗಿಂತ ಮುಂಚೆ ಊರು ಮುಟ್ಟಿತ್ತು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮೂವರು ರೈತರು ಕೂತಿದ್ದರು. ಒಬ್ಬನ ಹತ್ತಿರ ಉಳ್ಳಾಗಡ್ಡಿ, ಇನ್ನೊಬ್ಬನ ಹತ್ತಿರ ಶೇಂಗಾ. ಮೂರನೆಯವನು ಕುರಿಮರಿಯನ್ನೇ ಹೆಗಲ ಮೇಲೆ ತಂದಿದ್ದ!

ನಮ್ಮ ಬಚ್ಚಲುಮನೆ ಫೋಟೊ ತೊಳೆಯುವ ಕತ್ತಲೆ ಕೋಣೆಯಾಯಿತು. ಕಿಟಕಿಗೆ ಕಂಬಳಿ, ನಡುವೆ ಕೆಂಪು ಬಲ್ಬು, ಕೊಪ್ಪರಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೂರು ಪಿಂಗಾಣಿ ತಟ್ಟೆ. ನಾನು ಎಷ್ಟೋ ರವಿವಾರ ಪಕ್ಕದ ಮನೆಯಲ್ಲಿ ಸ್ನಾನ ಮಾಡಿದ್ದೇನೆ. ಬಾಗಿಲು ಹಾಕಿದರೆಂದರೆ ಮುಗಿಯಿತು, ಸಾಕ್ಷಾತ್ ತಹಶೀಲ್ದಾರರು ಬಂದರೂ ತೆಗೆಯುತ್ತಿರಲಿಲ್ಲ. ಒಳಗಿನಿಂದ ಬರುತ್ತಿದ್ದದ್ದು ಎರಡೇ ಮಾತು: ಕಾಗದದ ಮೇಲೆ ಚಿತ್ರ ಮೂಡಿದಾಗ "ಬಂತ್ರಿ, ಬಂತ್ರಿ!" ಆಮೇಲೆ, ಅದು ಕಪ್ಪಾದಾಗ, "ಹೋತ್ರಿ."

ಇಂಥ ಗೆಳೆತನ ಮುರಿದದ್ದಾದರೂ ಯಾತಕ್ಕೆ? ಒಂದು ಕಲ್ಲಿಗಾಗಿ!

ಆನೆಗೊಂದಿಗೆ ಇಬ್ಬರೂ ಕೂಡಿ ಹೋಗಿದ್ದ ದಿನ ಪ್ರೀತಿ ಉಕ್ಕಿ ಕ್ಯಾಮೆರಾ ಅದಲುಬದಲು ಮಾಡಿಕೊಂಡಿದ್ದರು. ಕಾಕಾನ ಕ್ಯಾಮೆರಾದಿಂದ ಶೆಟ್ಟರು ಹೊಡೆದ ಒಂದು ಬಂಡೆಯ ಫೋಟೊ, ಏನು ಹೇಳಲಿ, ಮುಟ್ಟಿದರೆ ಕೈಗೆ ಬಿಸಿಲು ತಾಗುವ ಹಾಗಿತ್ತು. ಶೆಟ್ಟರು ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಕೆಳಗೆ ತಮ್ಮ ಹೆಸರು ಬರೆಸಿ ಅಂಗಡಿಯಲ್ಲಿ ತೂಗುಹಾಕಿದರು. ಕಾಕಾ ಅದನ್ನು ನೋಡಿದ.

"ಕ್ಯಾಮೆರಾ ನಂದು, ಶೆಟ್ರ."

"ಒತ್ತಿದ ಬೆರಳು ನಂದು, ಸೇವಕ್ರ."

"ಬೆರಳು ಎಲ್ಲಾರಿಗೂ ಹತ್ತ ಹತ್ತು ಇರ್ತಾವ!"

"ಹಂಗಂದ್ರ ನಿಮ್ಮ ಹತ್ತರಾಗ ಒಂದಾದ್ರೂ ಇಂಥಾದ್ದು ಹೊಡೀಬೇಕಿತ್ತು!"

ಕಾಕಾ ಊಟ ಮಾಡದೆ ಎದ್ದು ಬಂದ. ಯಂತ್ರ ಯಲಬುರ್ಗಾದಲ್ಲಿ ಉಳಿಯಿತು, ಶೆಟ್ಟರು ಬರುವಾಗ ತಂದು ಹೋಗುವಾಗ ಒಯ್ಯುತ್ತಿದ್ದ ಲೆನ್ಸ್ ಗಂಗಾವತಿಯಲ್ಲಿ. ಎಂಟು ತಿಂಗಳು ಮಾತಿಲ್ಲ, ಪತ್ರವಿಲ್ಲ. ನಮಗೆ ಬಚ್ಚಲುಮನೆ ಮರಳಿ ಸಿಕ್ಕಿತು. ಆದರೆ ರವಿವಾರ ಬಂದರೆ ಕಾಕಾ ಬಸ್ಸಿನ ಸಪ್ಪಳಕ್ಕೆ ತಲೆ ಎತ್ತಿ, ಮತ್ತೆ ಪೇಪರು ಓದುವ ಹಾಗೆ ಮಾಡುತ್ತಿದ್ದ. ಓದುವುದೆಲ್ಲಿ ಬಂತು? ಪೇಪರು ಹಿಂದಿನ ವಾರದ್ದು!

ಅಂಥ ಒಂದು ದಿನ ಬೇವೂರಿನಿಂದ ಸಂಗವ್ವ ಎಂಬ ಮುದುಕಿ ಬಂದಳು. ಹಣೆ ಬರಿದಾಗಿತ್ತು. ಕಟ್ಟೆಯ ಕೆಳಗೇ ಕೂತು, "ನಮ್ಮನಿಯಾವ್ರು ತೀರಿಕೊಂಡು ಎರಡು ತಿಂಗಳಾತ್ರಿ," ಎಂದಳು. "ಅವರದೊಂದು ಫೋಟೊ ನೀವು ಹೊಡದೀರಂತ. ಬಾವಿ ಕಟ್ಟೀ ಹತ್ರ. ಊರ ತುಂಬ ಹೇಳಿಕೊಂಡು ಅಡ್ಡಾಡಿದ್ರು, ಗ್ರಾಮಸೇವಕರು ನನ್ನ ನಿಂದ್ರಿಸಿ ಫೋಟೊ ಹೊಡದ್ರು ಅಂತ."

ಕಾಕಾ, "ನಾನು? ಮನಷ್ಯಾರದು?" ಎಂದು ನನ್ನ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ತನ್ನ ನೋಟ್‌ಬುಕ್ ತೆಗೆದ. ಪ್ರತಿ ಫೋಟೊದ ವಿವರವನ್ನೂ ಅದರಲ್ಲಿ ಬರೆದಿಡುತ್ತಿದ್ದ. ಹಾಳೆ ತಿರುವುತ್ತ ಹೋದ ಕೈ ಒಂದು ಕಡೆ ನಿಂತಿತು. ನಾನೂ ಬಗ್ಗಿ ಓದಿದೆ: "ಬೇವೂರು, ಬಾವಿಯ ಕಲ್ಲು. ನಡುವೆ ಮನುಷ್ಯ ಬಂದು ಕೆಟ್ಟಿತು."

ಆಗ ಕಾಕಾನಿಗೆ ಎಲ್ಲ ನೆನಪಾಯಿತು. ಆ ಮುದುಕ ಅಡ್ಡ ಬಂದಾಗ ಇವನು "ಸರಿಯೋ ಮಾರಾಯಾ!" ಎಂದು ಕೈಬೀಸಿ ಕೂಗಿದ್ದ. ಕಿವಿ ಮಂದವಿದ್ದ ಮುದುಕ ಅದನ್ನು ನೆಟ್ಟಗೆ ನಿಲ್ಲು ಎಂದು ತಿಳಿದು, ರುಮಾಲು ಸರಿಮಾಡಿಕೊಂಡು, ಉಸಿರು ಹಿಡಿದು ನಿಂತುಬಿಟ್ಟಿದ್ದ. ಕಲ್ಲಿನ ಹಾಗೆ.

ನೆಗೆಟಿವ್ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದರೆ ಬಾವಿಯ ಕಲ್ಲುಗಳ ನಡುವೆ ಒಂದು ಜೋಳದ ಕಾಳಿನಷ್ಟು ಮನುಷ್ಯ. ಮುಖ ಎಂಬುದು ಎಳ್ಳಿನಷ್ಟು. ದೊಡ್ಡದು ಮಾಡದೆ ಅದು ಯಾರ ಮುಖವೂ ಅಲ್ಲ. ದೊಡ್ಡದು ಮಾಡಲು ಲೆನ್ಸ್ ಇಲ್ಲ.

"ಮಷೀನ್ ಕೆಟ್ಟೈತಿ, ಸಂಗವ್ವ. ಮುಂದಿನ ವಾರ ನೋಡೂಣು," ಎಂದ ಕಾಕಾ. ಸುಳ್ಳು ಹೇಳುವಾಗ ಅವನಿಗೆ ಕೆಮ್ಮು ಬರುತ್ತಿತ್ತು. ಬಂತು.

ಮುಂದಿನ ವಾರ ಅವಳು ಬಂದಳು. ಮಷೀನ್ ಕೆಟ್ಟೇ ಇತ್ತು. ಅದರ ಮುಂದಿನ ವಾರವೂ ಬಂದಳು, ಈ ಸಲ ಸೆರಗಿನ ಗಂಟಿನಿಂದ ಒಂದು ಸಣ್ಣ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು.

"ಏನಿದು?"

"ಕುಸುಬಿ ಎಣ್ಣಿ ರೀ. ನಮ್ಮ ಬಂಡಿ ಗಾಲಿಗೂ ಇದನ್ನ ಹಾಕ್ತೀವಿ. ನಿಮ್ಮ ಮಷೀನಿಗೆ ಒಂದು ಹನಿ ಬಿಟ್ಟು ನೋಡ್ರಿ, ತಿರಗತೈತಿ."

ಕಾಕಾ ಕೆಮ್ಮಲಿಲ್ಲ. ಬಾಟಲಿ ನೋಡುತ್ತ ನಿಂತ. ಬಾಗಿಲಲ್ಲಿ ನಿಂತಿದ್ದ ಚಿಗವ್ವ ಮೆತ್ತಗೆ ಕೇಳಿದಳು, "ಹೇಳ್ರಲಾ, ಎಲ್ಲಿ ಬಿಡೂದು ಈ ಎಣ್ಣಿ? ಗಂಗಾವತ್ಯಾಗೋ, ಯಲಬುರ್ಗಾದಾಗೋ?"

ರವಿವಾರ ನಾವು ಮೂವರು ಬಸ್ಸು ಹತ್ತಿದೆವು. ಕಾಕಾ, ಸಂಗವ್ವ, ಅವರಿಬ್ಬರ ನಡುವೆ ಹಳೆಯ ಕೌದಿಯಲ್ಲಿ ಸುತ್ತಿದ ಯಂತ್ರ, ಕಾಲ ಕೆಳಗೆ ತಟ್ಟೆ, ಔಷಧ, ಕಾಗದ, ಕೆಂಪು ಬಲ್ಬಿನ ಚೀಲ, ಕಿಟಕಿಗೆ ನಾನು. ಜಗಳಾಡಿದರೆ ಬಿಡಿಸಲು ಒಬ್ಬರಿರಲಿ ಎಂದು ಚಿಗವ್ವನೇ ನನ್ನನ್ನು ಕಳಿಸಿದ್ದಳು. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಗಂಗಾವತಿ ಮುಟ್ಟುವವರೆಗೂ ಕಾಕಾ ತುಟಿ ಅಲ್ಲಾಡಿಸುತ್ತಲೇ ಇದ್ದ. ಮೊದಲ ಮಾತು ಏನಾಡಬೇಕೆಂದು ಪಾಠ ಮಾಡಿಕೊಳ್ಳುತ್ತಿದ್ದ, ಪಾಪ!

ಅಂಗಡಿಯಲ್ಲಿ ಶೆಟ್ಟರು ಒಬ್ಬರೇ ಇದ್ದರು. ನಮ್ಮನ್ನು ನೋಡಿದರು. ನೋಡಿ, ಯಾವ ಗಿರಾಕಿಯೂ ಇಲ್ಲದಿದ್ದರೂ ಒಂದು ಥಾನು ಬಿಚ್ಚಿ ಗಜಕಡ್ಡಿಯಿಂದ ಅರಿವೆ ಅಳೆಯತೊಡಗಿದರು. ಕಾಕಾ ಮೆಟ್ಟಿಲ ಮೇಲೆ ಯಂತ್ರ ಇಳಿಸಿದ. ಪಾಠ ಮಾಡಿದ್ದೆಲ್ಲ ಬಸ್ಸಿನಲ್ಲೇ ಉಳಿದಿತ್ತು. ಒಬ್ಬರು ಅಳೆಯುತ್ತಾರೆ, ಒಬ್ಬ ನಿಂತಿದ್ದಾನೆ.

ಸಂಗವ್ವ ಮುಂದೆ ಹೋದಳು. ಯಂತ್ರದ ಕಣ್ಣು ಗಂಗಾವತಿಯಲ್ಲಿದೆ ಎಂದು ದಾರಿಯಲ್ಲಿ ನಾನೇ ಅವಳಿಗೆ ಹೇಳಿದ್ದೆ. ಅವಳು ಅದನ್ನು ಹೇಗೆ ತಿಳಿದುಕೊಂಡಿದ್ದಳೋ, ಎರಡೂ ಕೈ ಜೋಡಿಸಿ ಕೇಳಿದಳು:

"ಯಪ್ಪಾ, ನಮ್ಮನಿಯಾವ್ರ ಕಣ್ಣು ನಿಮ್ಮ ಹಂತ್ಯಾಕ ಅದಾವಂತ. ಒಂದೀಟು ಕೊಡ್ರಿ."

ಶೆಟ್ಟರ ಗಜಕಡ್ಡಿ ನಿಂತಿತು. ಅವಳನ್ನು ನೋಡಿದರು, ಅವಳ ಬರಿಯ ಹಣೆ ನೋಡಿದರು, ಕಾಕಾನನ್ನು ನೋಡಿದರು. ಕಾಕಾ ಕಿಸೆಯಿಂದ ನೆಗೆಟಿವ್ ತೆಗೆದು ಗಾದಿಯ ಮೇಲಿಟ್ಟ. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೆತ್ತಿ, ಬಹಳ ಹೊತ್ತು ನೋಡಿದರು. ಆಮೇಲೆ ಕೋಟಿನ ಒಳಕಿಸೆಗೆ ಕೈಹಾಕಿ ರೇಷ್ಮೆ ತುಂಡಿನಲ್ಲಿ ಸುತ್ತಿದ ಲೆನ್ಸ್ ಹೊರತೆಗೆದರು. ಎಂಟು ತಿಂಗಳಿಂದ ಮೈಮೇಲೆಯೇ ಇತ್ತೇ?

"ಕಪ್ಪು ಜಾಸ್ತಿ ಐತ್ರಿ ಸೇವಕ್ರ," ಎಂದರು. "ಸಾವಕಾಶ ಬೆಳಕು ಕೊಡಬೇಕು."

"ಅದಕ್ಕ ನಿಮ್ಮ ಕಡೆ ತಂದೀನ್ರಿ, ಶೆಟ್ರ."

ಇಷ್ಟೇ. ಎಂಟು ತಿಂಗಳ ಜಗಳಕ್ಕೆ ಇಷ್ಟೇ ಮಾತು!

ಅಂಗಡಿಯ ಹಿಂದಿನ ಸಾಮಾನು ಕೋಣೆಯಲ್ಲಿ, ಕಿಂಡಿಗಳಿಗೆ ಅರಿವೆಯ ಗಂಟು ಒಡ್ಡಿ ಕತ್ತಲೆ ಮಾಡಿದರು. ನಾವು ನಾಲ್ವರು ಕೆಂಪು ಬೆಳಕಿನಲ್ಲಿ ತಟ್ಟೆಗಳ ಸುತ್ತ ನಿಂತೆವು. ಮೊದಲ ಕಾಗದ ಮಸುಕಾಯಿತು. ಎರಡನೆಯದು ಕಪ್ಪಾಯಿತು. ಇಬ್ಬರೂ ಬೆವರುತ್ತಿದ್ದರು. ಮೂರನೆಯ ಕಾಗದ ತಟ್ಟೆಯ ಔಷಧದ ನೀರಿನಲ್ಲಿ ಬಿತ್ತು. ಮೊದಲು ರುಮಾಲಿನ ಅಂಚು, ಆಮೇಲೆ ಮೀಸೆ, ಆಮೇಲೆ ಎರಡು ಕಣ್ಣು ನಿಧಾನ ಮೂಡಿ ಬಂದವು. ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದ ಒಬ್ಬ ಮನುಷ್ಯ, ನಗು ತಡೆಹಿಡಿದವನ ಹಾಗೆ.

"ಬಂದ್ರು," ಎಂದ ಕಾಕಾ. ಬಂತು ಎನ್ನಲಿಲ್ಲ.

ಶೆಟ್ಟರು ಚಿತ್ರವನ್ನು ಕೊನೆಯ ತಟ್ಟೆಗೆ ಹಾಕಿ, ಚೆನ್ನಾಗಿ ನೆನೆದು ಅಳಿಯದಂತೆ ನಿಲ್ಲಲು ಬಿಟ್ಟು, ಸಂಗವ್ವನನ್ನು ಹತ್ತಿರ ಕರೆದರು. ಅವಳು ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು. ನೋಡಿದವಳೇ ಸರಕ್ಕನೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು.

"ಯಾಕವ್ವಾ? ಅವರಲ್ಲೇನು?" ನಾನು ಗಾಬರಿಯಿಂದ ಕೇಳಿದೆ.

"ಅವರ ರೀ, ಅಕ್ಕೋರ." ಸೆರಗಿನೊಳಗಿಂದ ಅವಳ ದನಿ ಬಂತು, ಹೊಸ ಸೊಸೆಯ ದನಿಯಂತೆ. "ಇಷ್ಟು ಹತ್ರದಿಂದ, ಹಿಂಗ ಮಾರಿಗೆ ಮಾರಿ ಕೊಟ್ಟು ನಾ ಅವರನ್ನ ಯಾವತ್ತೂ ನೋಡಿಲ್ರಿ. ಮಂದಿ ಮುಂದ ಹೆಂಗ ನೋಡ್ಲಿ?"

ಕಾಕಾ ಉಳಿದ ಕಾಗದಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದ. ಕೆಂಪು ದೀಪ ಆರಿಸಿ, ಸಾದಾ ದೀಪ ಹಾಕಿದ. ಆಮೇಲೆ ಶೆಟ್ಟರ ಹೆಗಲ ಮೇಲೆ ಕೈಯಿಟ್ಟ.

"ಹೊರಗ ನಡೀರಿ, ಶೆಟ್ರ. ಗಂಡ-ಹೆಂಡ್ತಿ ಮಾತಾಡ್ಲಿ."

ನಾವು ಮೂವರು ಬಾಗಿಲು ಮುಂದಕ್ಕೆಳೆದು, ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣ ದನಿಯಲ್ಲಿ ಮಾತು ಕೇಳಿಸಿತು. ಏನೆಂದು ತಿಳಿಯಲಿಲ್ಲ, ತಿಳಿಯಲು ನಾವು ಪ್ರಯತ್ನಿಸಲೂ ಇಲ್ಲ. ಶೆಟ್ಟರು ರೇಷ್ಮೆ ತುಂಡಿನಿಂದಲೇ ಕಣ್ಣು ಒರೆಸಿಕೊಂಡರು. ಕಾಕಾ ಬೀದಿಯ ಕಡೆ ನೋಡುತ್ತಿದ್ದ.

ಆಗ ಗಿರಾಕಿಯೊಬ್ಬ ಬಂದು ಧೋತರ ಕೇಳಿದ. ಶೆಟ್ಟರು ಎದ್ದು ನಿಂತು, ಬಾಗಿಲಿಗೆ ಅಡ್ಡವಾಗಿ, ಮೆತ್ತಗೆ ಹೇಳಿದರು:

"ಈಗಿಲ್ರಿ. ಒಳಗ ಮನಿ ಮಂದಿ ಅದಾರ. ಆಮ್ಯಾಲ ಬರ್ರಿ."