ಕಾಬಾಳೆಗೂ ಎತ್ತಿಗೂ ಅಂತರಪಟ

ಹೂವಿನ ಗಿಡ ಬೆಳೆಸುವವರು ಶಾಂತ ಸ್ವಭಾವದವರು ಎಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ಈ ಸುದ್ದಿ ಹಬ್ಬಿಸಿದವರು ಒಂದು ಗಿಡವನ್ನೂ ಬೆಳೆಸಿದವರಲ್ಲ ಎಂದು ನನ್ನ ಗುಮಾನಿ. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ವರ್ಗವಾಗಿ ಬಂದಾಗ ಏಕೀಕರಣದಿಂದ ಮೈಸೂರು ರಾಜ್ಯ ದೊಡ್ಡದಾಗುತ್ತದೆಯೋ ಇಲ್ಲವೋ ಎಂದು ಊರೆಲ್ಲ ಚರ್ಚೆ ಮಾಡುತ್ತಿತ್ತು. ನನ್ನ ಚಿಂತೆ ಬೇರೆಯೇ ಇತ್ತು. ಬಂಡೀಪುರದ ಒಂದು ಬಂಗಲೆಯ ಮುಂದೆ ಕೆಂಪು, ಕಿತ್ತಳೆ, ಹಳದಿ ಹೂಗಳನ್ನು ಮಾತ್ರ ಒತ್ತಾಗಿ ಬೆಳೆಸಿದ ಒಂದು ಸಾಲು ನೋಡಿ ಬಂದಿದ್ದೆ. ಒಲೆಯ ಉರಿಯನ್ನು ತಂದು ನೆಲದ ಮೇಲೆ ಉದ್ದಕ್ಕೆ ಮಲಗಿಸಿದ ಹಾಗಿತ್ತು. ಅಂದಿನಿಂದ ಬಿಳಿ ಹೂ ಕಂಡರೆ ನನಗೆ ಜ್ವರದಿಂದ ಎದ್ದವರ ಮುಖ ಕಂಡಂತಾಗುತ್ತಿತ್ತು. ನಮ್ಮಾಕೆ ದೇವರಿಗೆಂದು ಒಂದೇ ಒಂದು ನಂದಿಬಟ್ಟಲು ಕೇಳಿದಳು. ಹಿತ್ತಲಲ್ಲಿ ಹಾಕಿಕೋ ಎಂದೆ.

ಮುಂಗಾರಿನ ಮೊದಲ ಮಳೆಗೆ ಬೀದಿಯ ಬೇಲಿಯುದ್ದಕ್ಕೂ ಹಿಂದೆ ಬಾಳೆಯಂಥ ಎಲೆಯ ಕೆಂಪು ಕಾಬಾಳೆ, ನಡುವೆ ದಾಸವಾಳ, ಮುಂದೆ ಕನಕಾಂಬರ ಹಾಕಿದೆ. ಗಿಡಗಳು ಮೊಗ್ಗಿಟ್ಟ ಮೇಲೆ ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿಯನ್ನು ಒಂದು ಹಳೆಯ ಬಾನಿಯಲ್ಲಿ ನೆನೆಸಿ ಬೇಲಿಯ ಪಕ್ಕದಲ್ಲೇ ಇಟ್ಟೆ. ಶ್ರಾವಣದ ಹೊತ್ತಿಗೆ ನಮ್ಮ ಮನೆಗೆ ಬೆಂಕಿ ಬಿದ್ದಿದೆಯೆಂದು ಯಾರಾದರೂ ಕೊಡ ಹಿಡಿದು ಓಡಿಬರಬೇಕು, ಹಾಗೆ ಹೂ ಬಿಟ್ಟಿತು. ಯಾರೂ ಓಡಿಬರಲಿಲ್ಲ. ಬಂದದ್ದು ಮಾದಪ್ಪನ ಎತ್ತು.

ಮಾದಪ್ಪ ಬೇಗೂರು ಕಡೆಯ ಜಮೀನುದಾರ. ಸಂತೆಯ ದಿನ ಒಂಟೆತ್ತಿನ ಗಾಡಿಯಲ್ಲಿ ಅರಿಸಿನ ಹೇರಿಕೊಂಡು ನಮ್ಮ ಬೀದಿಯಲ್ಲೇ ಹೋಗುತ್ತಿದ್ದ. ಆ ದಿನ ಎತ್ತು ನಮ್ಮ ಬೇಲಿಯೆದುರು ಬಂದು ನಿಂತುಬಿಟ್ಟಿತು. ಬಾಲ ತಿರುವಿದರೂ ಇಲ್ಲ, ಬೈದರೂ ಇಲ್ಲ. ಹಿಂದೆ ಇನ್ನಷ್ಟು ಗಾಡಿಗಳು ಸೇರಿ ಬೀದಿ ಕಟ್ಟಿಹೋಯಿತು. ಮಾದಪ್ಪ ಎತ್ತನ್ನು ನೋಡಿದ, ಕಾಬಾಳೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಕೆಂಪು ಕಂಡ್ರೆ ಎತ್ತು ಬೆದರ್ತದೆ ಕಣ್ ಮೇಷ್ಟ್ರೇ. ಒಂದೋ ಕಿತ್ಬುಡಿ, ಇಲ್ಲ ಮುಚ್ಬುಡಿ,” ಎಂದ.

ಕೀಳುವುದು ನನ್ನಿಂದಾಗದ ಮಾತು. ಒಳಗಿನಿಂದ ನನ್ನ ಪಂಚೆ ತಂದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ನಮ್ಮಾಕೆಗೆ ಕೊಟ್ಟೆ. ಎತ್ತಿಗೂ ಹೂವಿಗೂ ನಡುವೆ ಪಂಚೆ ಎತ್ತಿ ಹಿಡಿದು ನಿಂತೆವು. ಎತ್ತು ಬಹಳ ಹೊತ್ತು ಯೋಚಿಸಿ ಹೊರಟಿತು. ಉಪಾಯ ಫಲಿಸಿತೆಂದು ನಾನು ಬೀಗಿದೆ. ಎದುರುಮನೆಯ ಅಜ್ಜಿ ಪುಟ್ಟತಾಯಮ್ಮ ಮಾತ್ರ ಜಗುಲಿಯಿಂದ, “ಉಡುಗ ಒಳ್ಳೇ ಮೈಕಟ್ನವ್ನೇ. ಉಡುಗೀನೂವೆ ಕೆಂಪಗವಳೆ. ಧಾರೆ ಯಾವಾಗ ಮೇಷ್ಟ್ರೇ?” ಎಂದು ಕೇಳಿದಳು.

ಆಮೇಲೆ ಪ್ರತಿ ಸಂತೆಗೂ ಅದೇ ವ್ಯವಸ್ಥೆ. ಮಾದಪ್ಪ ದೂರದಿಂದಲೇ ಕೂಗು ಹಾಕುವುದು, ನಾವು ಪಂಚೆ ಹಿಡಿದು ಓಡುವುದು. ಪುಟ್ಟತಾಯಮ್ಮ ಒಂದು ಸಲ ಅಕ್ಷತೆಯನ್ನೂ ಎರಚಿದಳು. ಹೆಡ್‌ಮಾಸ್ಟರು ಆ ಕಡೆ ಬಂದವರು ಇದನ್ನು ಕಂಡು ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆದುಬಿಟ್ಟರು. ಕಾರ್ತಿಕದಲ್ಲಿ ಹಳದಿ ಸೇವಂತಿಗೆಯೂ ಸೇರಿ ಸಾಲು ಇನ್ನಷ್ಟು ಉರಿಯಿತು. ಎತ್ತು ಇನ್ನಷ್ಟು ಹೊತ್ತು ನಿಂತಿತು. ನಮ್ಮಾಕೆಯ ತೋಳು ನೋಯತೊಡಗಿತು.

ಮಾಘದಲ್ಲಿ ಕಾಬಾಳೆಯನ್ನು ಬುಡಕ್ಕೆ ಕತ್ತರಿಸಿ, ದಾಸವಾಳ ಸವರಿ, ಒಣಗಿದ ಕನಕಾಂಬರವನ್ನೂ ಕೊಯ್ದು ಹಾಕಿದೆ. ಉಳಿದದ್ದು ಬರಿಯ ಮಣ್ಣು, ಮೋಟು ಕಡ್ಡಿ. ಇನ್ನು ಪಂಚೆಯನ್ನು ಉಟ್ಟುಕೊಳ್ಳಬಹುದೆಂದು ನಿಶ್ಚಿಂತೆಯಿಂದಿದ್ದೆ. ಸಂತೆಯ ದಿನ ಎತ್ತು ಬಂದು ಅಲ್ಲೇ ನಿಂತಿತು. ಇಲ್ಲಿ ಕೆಂಪೆಲ್ಲಿದೆ ತೋರಿಸಪ್ಪ ಎಂದು ಮಾದಪ್ಪನನ್ನು ಕೇಳಿದೆ.

“ಬೇರ್ನಾಗದೆ,” ಎಂದ ಮಾದಪ್ಪ.

ಬರಿಯ ಮಣ್ಣಿಗೆ ಪಂಚೆ ಅಡ್ಡ ಹಿಡಿದು ನಿಂತೆವು. ಆದರೆ ನಮ್ಮಾಕೆಯ ತೋಳು ಸೋತು ಅವಳ ಕಡೆಯ ತುದಿ ಜಗ್ಗಿತು. ಎತ್ತು ತಲೆ ತಗ್ಗಿಸಿ ಪಂಚೆಯ ಕೆಳಗೆ ನುಗ್ಗಿತು. ಗಾಡಿಯನ್ನೂ ಎಳೆದುಕೊಂಡು, ಬೇಲಿ ಮುರಿದು, ಮೋಟು ಕಾಬಾಳೆ ತುಳಿದು ನೇರವಾಗಿ ಬಾನಿಗೆ ಮೂತಿ ಇಟ್ಟಿತು. ಹಿಂಡಿ ತಳ ಕಾಣುವವರೆಗೂ ತಲೆ ಎತ್ತಲಿಲ್ಲ. ನನ್ನ ಪಂಚೆ ಅದರ ಕೊಂಬಿನಲ್ಲಿ ನೇತಾಡುತ್ತಿತ್ತು.

“ಮನೇಲಿ ಇಂಡಿ ಆಕಲ್ವೇನ್ಲಾ ಮಾದಪ್ಪ?” ಎಂದಳು ಪುಟ್ಟತಾಯಮ್ಮ. ಮಾದಪ್ಪ ಪಂಚೆಯನ್ನು ಕೊಂಬಿನಿಂದ ಬಿಡಿಸಿ, ನೀಟಾಗಿ ಮಡಿಸಿ ನನ್ನ ಕೈಗಿತ್ತು ಹೊರಟುಹೋದ. ನಮ್ಮಾಕೆ ಅದೇ ಸಂಜೆ ಬಾನಿಯನ್ನು ಹಿತ್ತಲಿಗೆ, ತನ್ನ ನಂದಿಬಟ್ಟಲಿನ ಬುಡಕ್ಕೆ ಸಾಗಿಸಿದಳು.

ಮುಂದಿನ ಮಳೆಗೆ ಸಾಲು ಮತ್ತೆ ಚಿಗುರಿತು. ತುಳಿಸಿಕೊಂಡ ಕಾಬಾಳೆ ಹಠಕ್ಕೆ ಬಿದ್ದಂತೆ ಹಿಂದಿನ ವರ್ಷಕ್ಕಿಂತ ಕೆಂಪಾಗಿ ಬಂತು. ಸಂತೆಯ ದಿನ ನಾನು ಇಸ್ತ್ರಿ ಅಂಗಿ ತೊಟ್ಟು ಬೇಲಿಯ ಬಳಿ ನಿಂತೆ. ಎತ್ತು ಕತ್ತನ್ನೂ ತಿರುಗಿಸದೆ ಗಂಟೆ ಆಡಿಸುತ್ತ ನಡೆದುಹೋಯಿತು. ಹಿಂದಿನ ಗಾಡಿಗಳೂ ಹೋದವು. ಹೂ ಬಿಟ್ಟ ಕಾಲದಲ್ಲಿ ಮೊದಲ ಬಾರಿಗೆ ನನ್ನ ಸಾಲಿನ ಮುಂದೆ ಯಾರೂ ನಿಂತಿರಲಿಲ್ಲ. ತಡೆಯಲಾರದೆ, ಇವತ್ತು ಒಂದು ಗಳಿಗೆಯೂ ನಿಲ್ಲುವುದಿಲ್ಲವೇನಪ್ಪ ಎಂದು ಮಾದಪ್ಪನನ್ನು ಕೂಗಿ ಕೇಳಿಯೇಬಿಟ್ಟೆ.

ಅವನು ಗಾಡಿ ನಿಲ್ಲಿಸದೆ, ಉರಿಯುತ್ತಿದ್ದ ಆ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ನಿಂತ್ಕಂಡು ನೋಡಕ್ಕೆ ಅಲ್ಲೇನದೆ ಮೇಷ್ಟ್ರೇ?” ಎಂದ.