ಬೆಟ್ಟದ ಮೇಲಿನ ಉಪ್ಪಿನಾಗರಕ್ಕೆ ಅತ್ತೆಯ ಜೊತೆ

ಕಳೆದ ವರ್ಷದ ಜುಲೈನಲ್ಲಿ ನಾನೂ ಅತ್ತೆಯೂ ಮಲೇಷ್ಯಾದ ಪುಚೊಂಗ್‌ನ ಮನೆಗೆ ಬೀಗ ಹಾಕಿ ಪೆರು ದೇಶದ ಕುಸ್ಕೋಗೆ ಹೋದೆವು. ಅತ್ತೆ ಅಂದರೆ ಅಪ್ಪನ ಅಕ್ಕ. ಅವರ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗುತ್ತದೆ. ನಾನು ರಸಾಯನಶಾಸ್ತ್ರ ಓದಿದವಳು. ಆದದ್ದನ್ನೆಲ್ಲ ಬರೆದಿಡುತ್ತೇನೆ.

ಹೋಗಲು ಕಾರಣ ಒಂದು ಕ್ಯಾಲೆಂಡರ್ ಹಾಳೆ. ಬ್ರಿಕ್‌ಫೀಲ್ಡ್ಸ್ ಪೇಟೆಯ ದಿನಸಿ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ಕುಸ್ಕೋ ಆಚೆಯ ಬೆಟ್ಟದ ಇಳಿಜಾರಿನ ತುಂಬ ಉಪ್ಪಿನ ಮಡಿಗಳು, ಮೋಡ ಇಳಿದು ಕೂತ ಹಾಗೆ ಬೆಳ್ಳಗೆ. ಅತ್ತೆ ಗೋಕರ್ಣದ ಹತ್ತಿರ ಉಪ್ಪಿನಾಗರದ ಪಕ್ಕ ಬೆಳೆದವರು. ವರ್ಷ ಮುಗಿದರೂ ಹಾಳೆ ಅಡುಗೆಮನೆಯಲ್ಲೇ ಉಳಿಯಿತು. ಒಗ್ಗರಣೆ ಹಾಕುತ್ತ ದಿನಾ ಅದನ್ನು ನೋಡುತ್ತಿದ್ದರು.

“ಸಮುದ್ರ ಇಲ್ದೆ ಆಗರ ಹ್ಯಾಂಗೆ ಮಾರಾಯ್ತಿ? ಸಾಯೂದ್ರೊಳಗೆ ಒಂದ್ಸಲ ನಾಲಿಗೆಗೆ ಹಾಕಿ ನೋಡ್ಬೇಕು.”

೧. ಮೆಟ್ಟಿಲು

ಕುಸ್ಕೋ ಮೂರು ಸಾವಿರದ ನಾನೂರು ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರು ಸಾಲದು. ಹಾಗಾಗಿ ಅಭ್ಯಾಸ ಶುರು ಮಾಡಿಸಿದೆ: ದಿನಾ ಬೆಳಿಗ್ಗೆ ನಮ್ಮ ಕಾಂಡೋ ಕಟ್ಟಡದ ಹನ್ನೆರಡು ಮಹಡಿ ಹತ್ತುವುದು.

ಮೊದಲ ದಿನ ಕಾವಲಿನವರು, “ಲಿಫ್ಟ್ ಕೆಟ್ಟಿತಾ ಲಾ, ಆಂಟಿ?” ಎಂದು ಅಲ್ಲಿನವರ ಮಾತಿನ ‘ಲಾ’ ಸೇರಿಸಿ ಕೇಳಿದರು. ಮಾತಾಡಲು ಉಸಿರಿಲ್ಲದೆ ಅತ್ತೆ ಹೌದೆಂಬಂತೆ ತಲೆ ಆಡಿಸಿದರು. ಎರಡನೆಯ ದಿನ ಕೆಳಮನೆಯ ತಮಿಳು ಅಜ್ಜಿ ತರಕಾರಿ ಚೀಲ ಹೊತ್ತು ನಮ್ಮ ಹಿಂದೆ ಹತ್ತಿದರು. ಮೂರನೆಯ ದಿನ ಏಳು ಜನ. ನಾಲ್ಕನೆಯ ದಿನ ಕಟ್ಟಡದ ಆಫೀಸಿನವರು ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಎಂದು ಬೋರ್ಡು ತೂಗುಹಾಕಿದರು.

ಲಿಫ್ಟ್ ಪಾಪ, ಬೋರ್ಡು ಹೊತ್ತುಕೊಂಡು ಖಾಲಿಯಾಗಿ ಮೇಲೆ ಕೆಳಗೆ ಓಡಾಡುತ್ತಿತ್ತು.

೨. ಅನ್ನ

ಕುಸ್ಕೋದಲ್ಲಿ ನಾವು ಉಳಿದ ಮನೆಯ ಕಿಟಕಿ ತೆರೆದರೆ ಕೆಂಪು ಹೆಂಚಿನ ಮಾಡುಗಳು ಅಲೆಅಲೆಯಾಗಿ ಕೆಳಗಿಳಿಯುತ್ತಿದ್ದವು. ಇಗರ್ಜಿಯ ಗಂಟೆ ಹೊಡೆದರೆ ಆ ಸದ್ದು ತೆಳು ಗಾಳಿಯಲ್ಲಿ ನಿಧಾನವಾಗಿ ತೇಲಿ ಬರುತ್ತಿತ್ತು. ಬೀದಿಗಿಳಿದರೆ ನಡೆಯುತ್ತಿದ್ದೇನೋ, ನಡೆಯುವ ಕನಸು ಕಾಣುತ್ತಿದ್ದೇನೋ ತಿಳಿಯುತ್ತಿರಲಿಲ್ಲ.

ಅತ್ತೆ ಪುಚೊಂಗ್‌ನಿಂದ ತಂದ ಅಕ್ಕಿಯನ್ನು ಪಾತ್ರೆಯಲ್ಲಿ ಬೇಯಲಿಟ್ಟರು. ಒಂದು ಗಂಟೆಯಾದರೂ ಅಕ್ಕಿ ಅಕ್ಕಿಯೇ.

“ಇಲ್ಲಿ ಗಾಳಿಯ ಒತ್ತಡ ಕಡಿಮೆ ಅತ್ತೆ. ನೀರು ಎಂಬತ್ತೆಂಟು ಡಿಗ್ರಿಗೇ ಕುದಿಯುತ್ತೆ. ಅಷ್ಟು ಬಿಸಿ ಅನ್ನಕ್ಕೆ ಸಾಲೋದಿಲ್ಲ. ಕುಕ್ಕರ್ ಬೇಕು.”

ಅತ್ತೆ ತಮ್ಮ ಚೀಲದಿಂದ ನಾನು ಬರೆದ ಸಾಮಾನಿನ ಪಟ್ಟಿ ತೆಗೆದು ಹಿಡಿದರು. ‘ಕುಕ್ಕರ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ನಾನೇ ಬರೆದಿದ್ದೆ: ‘ಅನಗತ್ಯ.’

೩. ಬಲಗೈ

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ತಿಳಿಯುವ ಪುಟ್ಟ ಯಂತ್ರ ಒಯ್ದಿದ್ದೆ. ನಿಯಮ ಮೊದಲೇ ಹೇಳಿದ್ದೆ: ಶೇಕಡಾ ಎಂಬತ್ತಕ್ಕಿಂತ ಕೆಳಗೆ ಬಂದವರಿಗೆ ಆಗರ ಇಲ್ಲ, ವಾಪಸ್. ಮಾತ್ರೆಯ ಹಾಗೆ ದಿನಕ್ಕೆ ಮೂರು ಸಲ, ಊಟದ ನಂತರ ಪರೀಕ್ಷೆ. ಅಂಕಿಯನ್ನು ನನ್ನ ಪುಸ್ತಕದ ಪಟ್ಟಿಯಲ್ಲಿ ದಿನಾಂಕ, ಗಂಟೆ ಹಾಕಿ ಬರೆಯುತ್ತಿದ್ದೆ.

ಮೊದಲ ದಿನ ಅತ್ತೆಯದು ಎಪ್ಪತ್ತೆಂಟು. ಎರಡನೆಯ ದಿನ ಎಪ್ಪತ್ತೇಳು. ಮೂರನೆಯ ದಿನ ಮತ್ತೆ ಎಪ್ಪತ್ತೆಂಟು.

“ನಂಗೆ ಎಂತಾ ಆಗಿಲ್ವೇ. ಮೂರು ಬೀದಿ ಹತ್ತಿ ಬಂದೆ.”

“ಅಂಕಿ ಹಾಗೆ ಹೇಳೋದಿಲ್ಲ ಅತ್ತೆ.”

ಆಗರಕ್ಕೆ ಹೋಗಲು ಗೊತ್ತು ಮಾಡಿದ್ದ ಕಾರು ಬೇಡವೆಂದು ಫೋನ್ ಮಾಡಿದೆ. ಅತ್ತೆ ಕ್ಯಾಲೆಂಡರ್ ಹಾಳೆಯನ್ನು ಚೀಲದಿಂದ ತೆಗೆದು, ನೋಡಿ, ಮಡಚಿ ಒಳಗಿಟ್ಟರು.

ಮನೆಯೊಡತಿಗೆ ನಮ್ಮ ಭಾಷೆ ಬಾರದು. ಆದರೂ ಮುಖ ನೋಡಿ ಅರ್ಥವಾಗಿರಬೇಕು. ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು. ತಕ್ಷಣ ಹುಬ್ಬೇರಿಸಿದರು. ಅತ್ತೆಯ ಬಲಗೈ ಎಳೆದು ನನ್ನ ಕೆನ್ನೆಗೆ ಒತ್ತಿದರು. ಮಂಜುಗಡ್ಡೆ. ಆಮೇಲೆ ಎಡಗೈ ಒತ್ತಿದರು. ಬೆಚ್ಚಗಿತ್ತು.

ಆಗ ಹೊಳೆಯಿತು. ಅತ್ತೆ ಕೈಯಲ್ಲೇ ಉಣ್ಣುವವರು. ಉಂಡು, ಕೊರೆಯುವ ನಲ್ಲಿ ನೀರಲ್ಲಿ ಕೈ ತೊಳೆದು, ಅದೇ ಕೈಯನ್ನು ಯಂತ್ರಕ್ಕೆ ಒಡ್ಡುತ್ತಿದ್ದರು. ತಣ್ಣಗಾದ ಬೆರಳಲ್ಲಿ ಯಂತ್ರ ತಪ್ಪು ಹೇಳುತ್ತದೆ. ಕೈಪಿಡಿಯ ಎರಡನೆಯ ಪುಟದಲ್ಲೇ ಇದೆ.

“ಎಡಗೈ ಕೊಡಬಾರದಿತ್ತಾ ಅತ್ತೆ?”

“ಯಂತ್ರ ಆದ್ರೆಂತ? ಎಡಗೈ ಕೊಡೂಕಾಗ್ತದನೇ?”

ಎಡಗೈ: ತೊಂಬತ್ತು.

೪. ಉಪ್ಪು

ಮರುದಿನ ಬೆಳಿಗ್ಗೆ ಮತ್ತೆ ಕಾರು ಕರೆಸಿ ಆಗರಕ್ಕೆ ಹೋದೆವು. ರಸ್ತೆಯ ತಿರುವು ದಾಟಿದ ಕೂಡಲೇ ಕಣಿವೆ ಬೆಳ್ಳಗೆ ತೆರೆದುಕೊಂಡಿತು. ಸಾಲು ಸಾಲು ಮಡಿಗಳು, ಒಂದೊಂದರಲ್ಲೂ ಆಕಾಶದ ಒಂದೊಂದು ಚೂರು. ಸದ್ದಿಲ್ಲ. ಎಲ್ಲಿಂದಲೋ ಉಪ್ಪುನೀರು ಹರಿಯುವ ಪಿಸುಮಾತು ಮಾತ್ರ.

ಮಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಅತ್ತೆಯನ್ನು ಕಂಡು ಒಂದು ಚಿಟಿಕೆ ಉಪ್ಪು ಕೊಟ್ಟಳು. ಅತ್ತೆ ಕಣ್ಣು ಮುಚ್ಚಿ ನಾಲಿಗೆಗೆ ಇಟ್ಟುಕೊಂಡರು.

“ಹೇಗಿದೆ?”

“ನಮ್ಮದೇಯಾ,” ಎಂದರು. ಕಣ್ಣು ಒದ್ದೆಯಾಗಿತ್ತು. “ನೀನೂ ತಿನ್ನು. ಮೊದ್ಲು ಕೈ ತೊಳಿ.”

ಬಾಟಲಿಯಿಂದ ನನ್ನ ಬಲಗೈಗೆ ನೀರು ಸುರಿದರು. ಬೆರಳು ಮರಗಟ್ಟಿತು. ಬಾಟಲಿಯನ್ನು ಹಿಂದಿನ ಸಂಜೆಯೇ ಕಿಟಕಿಯ ಹೊರಗೆ ಚಳಿಗೆ ಇಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ನೀರು ಸುರಿದದ್ದೇ ಸೆರಗಿನ ಗಂಟಿನಿಂದ ನನ್ನ ಯಂತ್ರ ತೆಗೆದು ಆ ಬೆರಳಿಗೇ ಸಿಕ್ಕಿಸಿದರು.

“ಎಂಬತ್ತರ ಕೆಳಗೆ ಬಂದವ್ರು ವಾಪಸ್ ಅಂದದ್ದು ಯಾರೇ?”

“ಅತ್ತೆ, ಇದು ಮೋಸ.”

“ಅಂಕಿ ಹಾಗೆ ಹೇಳೂದಿಲ್ಲ. ನೀ ಹೋಗಿ ಕಾರಲ್ಲಿ ಕೂತ್ಕೋ. ನಾ ಎಲ್ಲಾ ನೋಡ್ಕಂಡು ಬತ್ತೆ.”

ನನ್ನ ಪುಸ್ತಕ ಕಿತ್ತುಕೊಂಡು, ನನ್ನದೇ ಪೆನ್ನಿನಿಂದ, ನನ್ನದೇ ಪಟ್ಟಿಯಲ್ಲಿ, ದಿನಾಂಕ ಹಾಕಿ, ಗಂಟೆ ಹಾಕಿ ಬರೆದರು: ಎಪ್ಪತ್ತಾರು.